ಎಡ ರೆಕ್ಕೆಯ ಬಾಟಲಿ

ವಿಮಾನ ರಿಪೇರಿಯ ಕೆಲಸಕ್ಕೆ ಹೊಸದಾಗಿ ಸೇರುವವರು ನನ್ನಂಥ ನಿವೃತ್ತರ ಹತ್ತಿರ ಬಂದು, ನಿಮ್ಮ ಅನುಭವ ಹೇಳಿ ಸರ್ ಎನ್ನುತ್ತಾರೆ. ಅವರಿಗೆ ಬೇಕಾಗಿರುವುದು ಬೆನ್ನು ತಟ್ಟುವ ಮಾತು. ನನ್ನ ಹತ್ತಿರ ಅದರ ದಾಸ್ತಾನು ಕಡಿಮೆ. ಮೂವತ್ತನಾಲ್ಕು ವರ್ಷ ಹಳೇ ಏರ್‌ಪೋರ್ಟಿನ ಒಂದು ಮೂಲೆಯ ಹ್ಯಾಂಗರಿನಲ್ಲಿ ಚಿಕ್ಕ ವಿಮಾನಗಳ ಎಂಜಿನ್ ಬಿಚ್ಚಿ ಜೋಡಿಸಿದವನು ನಾನು. ಯಾವ ವರ್ಷ ಯಾವ ಬಡ್ತಿ ಸಿಕ್ಕಿತು ಎನ್ನುವುದು ನನಗೇ ಸರಿಯಾಗಿ ನೆನಪಿಲ್ಲ, ನಿಮಗಂತೂ ಬೇಡವೇ ಬೇಡ. ಚೆನ್ನಾಗಿ ನೆನಪಿರುವುದು ಒಂದು ಗಾಜಿನ ಬಾಟಲಿ, ನಾನು ಹಾಕಿದ ಒಂದು ಸಹಿ, ಆ ಸಹಿಯಿಂದ ಕೆಟ್ಟುಹೋದ ಒಬ್ಬ ಒಳ್ಳೆಯ ಪೈಲಟ್‌ನ ಹೆಸರು. ಕ್ಯಾಪ್ಟನ್ ಇಮ್ತಿಯಾಜ್ ತಮ್ಮ ತಪ್ಪಿನಿಂದಲೇ ವಿಮಾನ ಬೀಳಿಸಿ ಸತ್ತರು ಎಂದು ಒಂದು ವರದಿಯಲ್ಲಿ ಬರೆದಿದೆ. ತಪ್ಪು ಅವರದ್ದಲ್ಲ, ನನ್ನದು. ಅದನ್ನು ಮೊದಲೇ ಹೇಳಿಬಿಟ್ಟಿದ್ದೇನೆ. ಹೇಗಾಯಿತು ಎನ್ನುವುದನ್ನು ಇನ್ನು ಹೇಳುತ್ತೇನೆ.

ನಮ್ಮದು ಸಣ್ಣ ಕಂಪನಿ. ಇದ್ದದ್ದು ಎರಡೇ ವಿಮಾನ, ಒಂದೊಂದಕ್ಕೂ ಎರಡೆರಡು ಎಂಜಿನ್. ಆರು ಜನ ಕೂರಬಹುದು. ಮೇಲಿನಿಂದ ನೆಲದ ಫೋಟೊ ತೆಗೆದು ನಕ್ಷೆ ಮಾಡುವವರಿಗೆ ಅವನ್ನು ಬಾಡಿಗೆಗೆ ಕೊಡುತ್ತಿದ್ದೆವು, ಹೊಸ ಪೈಲಟ್‌ಗಳಿಗೆ ಎರಡು ಎಂಜಿನ್ ಹಾರಿಸುವುದನ್ನು ಕಲಿಸುತ್ತಿದ್ದೆವು. ಮದುವೆ ಮನೆಗಳಲ್ಲಿ ನೆಂಟರು ನನ್ನ ಕೆಲಸದ ಬಗ್ಗೆ ಕೇಳಿ, ಎರಡು ಎಂಜಿನ್ ಇದೆಯಲ್ಲ, ಒಂದು ಕೈಕೊಟ್ಟರೆ ಇನ್ನೊಂದಿದೆ, ಇನ್ನೇನು ಭಯ ಎನ್ನುತ್ತಿದ್ದರು. ಹೌದೌದು ಎಂದು ನಾನು ಪಾಯಸದ ಕಡೆ ಗಮನ ಕೊಡುತ್ತಿದ್ದೆ. ಎತ್ತರದಲ್ಲಿದ್ದಾಗ ಆ ಮಾತು ನಿಜವೇ. ಆದರೆ ಆಗಷ್ಟೇ ನೆಲ ಬಿಟ್ಟು, ತಾರಸಿಯ ಮೇಲೆ ಒಣಹಾಕಿದ ಬಟ್ಟೆಗಳು ಇನ್ನೂ ಕಾಣುವಷ್ಟು ಕೆಳಗಿರುವಾಗ ಒಂದು ಎಂಜಿನ್ ನಿಂತರೆ ಕಥೆ ಬೇರೆ. ಉಳಿದ ಎಂಜಿನ್ನಿನ ಶಕ್ತಿಯೆಲ್ಲ ವಿಮಾನವನ್ನು ಹೇಗೋ ಎತ್ತಿಹಿಡಿಯುವುದಕ್ಕೇ ಸರಿಹೋಗುತ್ತದೆ, ಮೇಲೇರುವುದಕ್ಕೆ ಹೆಚ್ಚುಕಡಿಮೆ ಏನೂ ಮಿಗುವುದಿಲ್ಲ. ಸತ್ತ ಎಂಜಿನ್ನಿನ ಕಡೆಗೆ ಮೂತಿ ತಿರುಗುತ್ತದೆ. ಸತ್ತ ಪ್ರೊಪೆಲರ್ ಗಾಳಿಗೆ ಅಡ್ಡಲಾಗಿ ನಿಂತು ವಿಮಾನವನ್ನು ಹಿಂದಕ್ಕೆ ಎಳೆಯುತ್ತದೆ. ಪೈಲಟ್ ಅದರ ಅಲಗುಗಳ ಅಂಚನ್ನು ಗಾಳಿಗೆ ತಿರುಗಿಸಬೇಕು, ಅದೂ ಸರಿಯಾದ ಎಂಜಿನ್ನಿನದನ್ನೇ. ಇಷ್ಟಕ್ಕೂ ಸಿಗುವ ಸಮಯ ನೀವು ಈ ಪ್ಯಾರಾ ಓದಿದ ಸಮಯಕ್ಕಿಂತ ಕಡಿಮೆ.

ನನ್ನ ಮೊದಲ ಮೇಲಧಿಕಾರಿ ಮುನಿಸ್ವಾಮಿಯವರು. ಹಲಸೂರು ಕೆರೆಯ ಹಿಂದಿನ ಬೀದಿಯವರು, ನಮ್ಮ ಬೀದಿಯವರೇ. ಬಾಯಿ ಬಿಟ್ಟರೆ ಬೈಗುಳ, ಅರ್ಧ ತಮಿಳಿನಲ್ಲಿ, ಅರ್ಧ ಕನ್ನಡದಲ್ಲಿ. ಅವರು ನನಗೆ ಕಲಿಸಿದ ಮೊದಲ ಕೆಲಸ ಪೆಟ್ರೋಲು ನೋಡುವುದು. ಬೆಳಿಗ್ಗೆ ವಿಮಾನ ಹೊರಡುವ ಮೊದಲು ಎರಡೂ ರೆಕ್ಕೆಗಳ ಟ್ಯಾಂಕಿನ ಅಡಿಯ ನಲ್ಲಿಯಿಂದ ಒಂದೊಂದು ಬಾಟಲಿ ಪೆಟ್ರೋಲು ಹಿಡಿಯಬೇಕು. ಟ್ಯಾಂಕಿನಲ್ಲಿ ನೀರು ಸೇರಿದ್ದರೆ ಅದು ಅಡಿಗೆ ಇಳಿದಿರುತ್ತದೆ, ಬಾಟಲಿಯಲ್ಲೂ ಕೆಳಗೆ ನಿಂತು ಎರಡರ ನಡುವೆ ಗೆರೆ ಎಳೆದ ಹಾಗೆ ಕಾಣುತ್ತದೆ. ನಮ್ಮ ವಿಮಾನದ ಪೆಟ್ರೋಲಿಗೆ ಗುರುತಿಗೆಂದು ತಿಳಿನೀಲಿ ಬಣ್ಣ ಬೆರೆಸಿರುತ್ತಾರೆ. ಎಡ ರೆಕ್ಕೆಯ ಬಾಟಲಿಗೆ ಬಿಳಿ ಪಟ್ಟಿ, ಬಲ ರೆಕ್ಕೆಯದಕ್ಕೆ ಕೆಂಪು ಪಟ್ಟಿ ಬಳಿದಿತ್ತು.

ಮುನಿಸ್ವಾಮಿಯವರು ಕಣ್ಣನ್ನು ನಂಬುತ್ತಿರಲಿಲ್ಲ. ಮೂಗನ್ನೂ ನಂಬುತ್ತಿರಲಿಲ್ಲ, ವರ್ಷಗಟ್ಟಲೆ ಪೆಟ್ರೋಲು ಕುಡಿದ ಬಾಟಲಿಗೆ ಏನು ತುಂಬಿದರೂ ಅದೇ ವಾಸನೆ. ಅವರು ಬಾಟಲಿಯಿಂದ ಒಂದು ಹನಿ ಎಡಗೈಯ ಹಿಂಬದಿಗೆ ಬಿಟ್ಟುಕೊಂಡು ಹತ್ತು ಎಣಿಸುತ್ತಿದ್ದರು. ಪೆಟ್ರೋಲಾದರೆ ಚರ್ಮ ತಣ್ಣಗಾಗಿ ಹನಿ ಹಾರಿಹೋಗುತ್ತದೆ, ನೀರಾದರೆ ಅಲ್ಲೇ ಕೂತಿರುತ್ತದೆ. ಅವರ ಇನ್ನೊಂದು ಪದ್ಧತಿ, ಹೊರಟ ವಿಮಾನ ವಾಪಸ್ ಬರುವವರೆಗೆ ಆ ಎರಡೂ ಬಾಟಲಿಗಳನ್ನು ಚೆಲ್ಲದೆ ಹ್ಯಾಂಗರಿನ ಒಳಗೋಡೆಯ ಹಲಗೆಯ ಮೇಲೆ ಇಡುವುದು. ಯಾಕೆ ಎಂದು ಒಮ್ಮೆ ಕೇಳಿದೆ.

“ಬಂದ್ಮೇಲೆ ಚೆಲ್ಲು. ಬರ್ಲಿಲ್ಲ ಅಂದ್ರೆ ನೋಡೋಕೆ ಬೇಕಾಗತ್ತೆ” ಎಂದರು.

ಇಮ್ತಿಯಾಜ್ ನಮ್ಮಲ್ಲಿಗೆ ಬಂದಾಗ ಇನ್ನೂ ಕಲಿಯುವವರು. ಫ್ರೇಜರ್ ಟೌನ್‌ನಲ್ಲಿ ಮನೆ, ತಂದೆಗೆ ಶಿವಾಜಿನಗರದ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಅತ್ತರಿನ ಅಂಗಡಿ. ಸಂಕೋಚದ ಮನುಷ್ಯ. ಮೆಕ್ಯಾನಿಕ್‌ಗಳನ್ನು ಹೆಸರು ಹಿಡಿದು ಕರೆಯುವ ಪೈಲಟ್‌ಗಳ ನಡುವೆ ಅವರೊಬ್ಬರು ನನ್ನನ್ನು ವರದಣ್ಣ ಎನ್ನುತ್ತಿದ್ದರು.

ಒಂದು ದಿನ ಎಂಜಿನ್ ರಿಪೇರಿ ಆದ ಮೇಲೆ ಅದರ ಓಟ ನೋಡಲೆಂದು ನಾನೂ ಹಿಂದಿನ ಸೀಟಿನಲ್ಲಿ ಕೂತಿದ್ದೆ. ಹೊಸಕೋಟೆಯ ಕಡೆ ಸಾಕಷ್ಟು ಎತ್ತರಕ್ಕೆ ಹೋದ ಮೇಲೆ ಕಲಿಸುವವರು ಹೇಳದೆ ಕೇಳದೆ ಎಡ ಎಂಜಿನ್ ನಿಲ್ಲಿಸಿದರು, ಹುಡುಗ ಏನು ಮಾಡುತ್ತಾನೆ ನೋಡೋಣ ಎಂದು. ಇಮ್ತಿಯಾಜ್ ಗಾಬರಿಯಲ್ಲಿ, ನಿಂತದ್ದು ಬಲದ್ದೆಂದು ತಿಳಿದು, ಅದನ್ನೂ ನಿಲ್ಲಿಸಿಬಿಟ್ಟರು. ಅಷ್ಟು ಹೊತ್ತು ಕಿವಿ ತುಂಬಿದ್ದ ಸದ್ದು ನಿಂತು ಬರೀ ಗಾಳಿ ಬೀಸುವುದು ಕೇಳಿಸಿತು. ನಾನು ದೇವರ ಹೆಸರು ಹೇಳಲಿಕ್ಕೂ ಆಗದೆ ಮುಂದಿನ ಸೀಟನ್ನು ತಬ್ಬಿಕೊಂಡಿದ್ದೆ. ಕಲಿಸುವವರು ಎಂಜಿನ್ ಮತ್ತೆ ಹೊತ್ತಿಸಿ ಇಳಿಸಿದರು. ಎತ್ತರ ಇದ್ದದ್ದರಿಂದ ಬದುಕಿದೆವು. ಕೆಳಗೆ ಬಂದ ಮೇಲೆ ಇಮ್ತಿಯಾಜ್ ಅತ್ತರು. ನಾನು ಕ್ಯಾಂಟೀನಿನಲ್ಲಿ ಟೀ ಕುಡಿಸಿದೆ.

ಅಂದಿನಿಂದ ಅವರು ಒಂದು ಅಭ್ಯಾಸ ಹಿಡಿದರು. ನಾನು ನೋಡಿದ ಮಟ್ಟಿಗೆ ಒಂದು ದಿನವೂ ಅದನ್ನು ಬಿಡಲಿಲ್ಲ. ಹೊರಡುವ ಮೊದಲು, ಎಂಜಿನ್ ಹೊತ್ತಿಸುವುದಕ್ಕೂ ಮೊದಲು, ಸೀಟಿನಲ್ಲಿ ಕೂತು ಕಣ್ಣು ಮುಚ್ಚಿ ಒಂದೊಂದೇ ಹಿಡಿ ಮುಟ್ಟುತ್ತ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದರು. ಎಡದ್ದು ನಿಂತರೆ ಮೂತಿ ಎಡಕ್ಕೆ ಹೋಗುತ್ತದೆ, ಅದನ್ನು ನೇರ ಮಾಡಲು ಬಲಗಾಲಿನ ಪೆಡಲ್ ಒತ್ತುತ್ತೇನೆ, ಎಡಗಾಲಿಗೆ ಕೆಲಸವಿಲ್ಲ, ಕೆಲಸವಿಲ್ಲದ ಕಾಲಿನ ಕಡೆಯದೇ ಸತ್ತ ಎಂಜಿನ್. ನಾವು ಅದನ್ನು ಇಮ್ತಿಯಾಜರ ನಮಾಜು ಎಂದು ತಮಾಷೆ ಮಾಡುತ್ತಿದ್ದೆವು. ಅವರೂ ನಗುತ್ತಿದ್ದರು, ನಿಲ್ಲಿಸಲಿಲ್ಲ. ಹಲವು ವರ್ಷ ಹಾಗೇ ಹಾರಿಸಿ ನಮ್ಮ ಕಂಪನಿಯ ಮುಖ್ಯ ಪೈಲಟ್ ಆದರು.

ಅಷ್ಟರಲ್ಲಿ ಮುನಿಸ್ವಾಮಿಯವರು ನಿವೃತ್ತರಾಗಿ ರಮಾಕಾಂತ್ ಎನ್ನುವವರು ಚೀಫ್ ಇಂಜಿನಿಯರ್ ಆಗಿ ಬಂದರು. ಕೆಟ್ಟವರೇನಲ್ಲ. ಎಲ್ಲಕ್ಕೂ ಒಂದು ಫಾರಂ ಬೇಕೆನ್ನುವವರು. ಪೆಟ್ರೋಲಿಗೂ ಫಾರಂ ಬಂತು. ಅದರಲ್ಲಿ ಒಂದೇ ಪ್ರಶ್ನೆ, ನೀರಿನ ಗೆರೆ ಕಂಡಿತೇ, ಹೌದು ಅಥವಾ ಇಲ್ಲ. ಜೊತೆಗೆ ಕೈಗವಸು ಕಡ್ಡಾಯವಾಯಿತು, ಆ ಪೆಟ್ರೋಲಿನಲ್ಲಿ ಸೀಸ ಇರುತ್ತದೆ, ಚರ್ಮಕ್ಕೆ ತಾಗಬಾರದು ಎಂದು. ಆ ಮಾತು ಸರಿಯೇ. ಮುನಿಸ್ವಾಮಿಯವರ ಎಡಗೈಯ ಚರ್ಮ ಒಡೆದು ಬಿಳಿಚಿಕೊಂಡಿತ್ತು. ಮೊದಮೊದಲು ನಾನು ಕದ್ದು ಗವಸು ತೆಗೆದು ಹನಿ ಬಿಟ್ಟುಕೊಳ್ಳುತ್ತಿದ್ದೆ. ಆಮೇಲೆ ಸೋಮಾರಿತನ ಬಂತು. ಗೆರೆ ಇಲ್ಲ ಎಂದು ಟಿಕ್ ಹಾಕಿ ಸಹಿ ಮಾಡಿದರೆ ಮುಗಿಯಿತು. ಹಲಗೆಯ ಮೇಲೆ ಬಾಟಲಿ ಇಡುವ ಪದ್ಧತಿ ಮಾತ್ರ ಕೈಗೆ ಅಂಟಿಕೊಂಡು ಉಳಿದಿತ್ತು.

ಅಪಘಾತ ನಡೆದ ಆ ವಾರ ಯಾರೋ ದೊಡ್ಡ ಮನುಷ್ಯರು ನೋಡಲು ಬರುತ್ತಾರೆಂದು ಹ್ಯಾಂಗರಿಗೆ ಬಣ್ಣ ಹೊಡೆಯುತ್ತಿದ್ದರು. ವಿಮಾನಗಳನ್ನು ಹೊರಗೆ ನಿಲ್ಲಿಸಿದ್ದೆವು. ಎರಡು ರಾತ್ರಿ ಜೋರು ಮಳೆ ಬಂತು. ಎಡ ರೆಕ್ಕೆಯ ಟ್ಯಾಂಕಿನ ಮುಚ್ಚಳದ ರಬ್ಬರು ಸವೆದಿದ್ದದ್ದು ನನಗೆ ಗೊತ್ತಿತ್ತು. ಹೊಸದು ತರಿಸಲು ಬರೆದಿದ್ದೆ, ಬಂದಿರಲಿಲ್ಲ. ಬಟ್ಟೆ ಕಟ್ಟಬೇಕಿತ್ತು, ಕಟ್ಟಲಿಲ್ಲ.

ಮೂರನೆಯ ಬೆಳಿಗ್ಗೆ ಬಿಸಿಲು ಬಿದ್ದಿತ್ತು. ಅತಿಥಿಗಳು ಬರುವ ಮೊದಲು ವಿಮಾನ ಅಲ್ಲಿಂದ ಹೊರಡಬೇಕೆಂದು ರಮಾಕಾಂತ್ ಎರಡು ಸಲ ಹೇಳಿಕಳಿಸಿದ್ದರು. ನಾನು ಗವಸು ಹಾಕಿಕೊಂಡು ಎರಡೂ ಟ್ಯಾಂಕಿನಿಂದ ಬಾಟಲಿ ಹಿಡಿದೆ, ಒಂದಾದ ಮೇಲೊಂದು ಎತ್ತಿ ಬೆಳಕಿಗೆ ನೋಡಿದೆ. ನನ್ನೆದುರಿಗೆ ಇದ್ದದ್ದು ಹ್ಯಾಂಗರಿನ ದೊಡ್ಡ ಬಾಗಿಲು. ಅದಕ್ಕೆ ಹಿಂದಿನ ದಿನವಷ್ಟೇ ನೀಲಿ ಬಣ್ಣ ಬಳಿದಿದ್ದರು. ಎರಡೂ ಬಾಟಲಿ ನೀಲಿಯಾಗಿ ಕಂಡವು. ಎರಡರಲ್ಲೂ ಗೆರೆ ಇರಲಿಲ್ಲ.

ಎಡ ಬಾಟಲಿಯಲ್ಲಿ ಗೆರೆ ಹೇಗೆ ಇರುತ್ತದೆ? ಅದರಲ್ಲಿ ಪೆಟ್ರೋಲೇ ಇರಲಿಲ್ಲ. ಕುತ್ತಿಗೆಯವರೆಗೆ ಬರೀ ಮಳೆನೀರು. ಗೆರೆ ಹುಡುಕುವವನ ಕಣ್ಣಿಗೆ ಬರೀ ಪೆಟ್ರೋಲೂ ಒಂದೇ, ಬರೀ ನೀರೂ ಒಂದೇ. ಅದನ್ನು ಮುನಿಸ್ವಾಮಿಯವರು ಮೊದಲ ವಾರದಲ್ಲೇ ಹೇಳಿಕೊಟ್ಟಿದ್ದರು. ಗವಸು ತೆಗೆದು ಹತ್ತು ಎಣಿಸಿದ್ದರೆ ಸಾಕಿತ್ತು.

ಇಮ್ತಿಯಾಜ್ ವಿಮಾನದ ಸುತ್ತ ಒಂದು ಸುತ್ತು ಬಂದರು. ಪೈಲಟ್ ತಾನೂ ಬಾಟಲಿ ನೋಡಬೇಕು ಎನ್ನುವುದು ನಿಯಮ. ಅವರು ನನ್ನ ಕೈಯಲ್ಲಿದ್ದ ಫಾರಂ ನೋಡಿ ನಿಂತರು.

“ನೋಡಿದ್ರಾ ವರದಣ್ಣ?”

“ನೋಡ್ದೆ ಕ್ಯಾಪ್ಟನ್, ಕ್ಲೀನ್ ಇದೆ.”

“ನೀವು ನೋಡಿದ್ರೆ ಸಾಕು ಬಿಡಿ” ಎಂದು ಹತ್ತಿದರು. ಅವರು ನನ್ನೊಡನೆ ಆಡಿದ ಕೊನೆಯ ಮಾತು ಅದು. ನಾನು ಬಾಟಲಿಗಳನ್ನು ಒಯ್ದು ಹಲಗೆಯ ಮೇಲಿಟ್ಟೆ.

ಹಿಂದಿನ ಸೀಟಿನಲ್ಲಿ ಕ್ಯಾಮೆರಾ ನೋಡಿಕೊಳ್ಳುವ ಬಸವರಾಜ ಇದ್ದ. ಕಲಬುರಗಿ ಕಡೆಯವನು, ಕೆ.ಆರ್. ಪುರದಲ್ಲಿ ಬಾಡಿಗೆ ರೂಮು ಮಾಡಿಕೊಂಡಿದ್ದ. ಬದುಕಿ ಉಳಿದವನು ಅವನೊಬ್ಬ. ಮೇಲೆ ನಡೆದದ್ದು ನನಗೆ ಗೊತ್ತಾದದ್ದು ಅವನ ಬಾಯಿಂದ. ವಿಮಾನ ಪೂರ್ವಕ್ಕೆ ಎದ್ದಿತು. ಕೊಳವೆಯಲ್ಲಿ ಮೊದಲೇ ಇದ್ದ ಪೆಟ್ರೋಲು ಅಲ್ಲಿಯವರೆಗೆ ಸಾಕಾಗಿತ್ತು; ಗಾಲಿ ಒಳಗೆ ಹೋದ ಮೇಲೆ ಎಡ ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಇಮ್ತಿಯಾಜ್ ಕೂಗಾಡಲಿಲ್ಲ. ದಿನವೂ ಕಣ್ಣು ಮುಚ್ಚಿ ಹೇಳಿಕೊಳ್ಳುತ್ತಿದ್ದುದನ್ನೇ ಅದೇ ದನಿಯಲ್ಲಿ ಹೇಳಿಕೊಳ್ಳುತ್ತ ಒಂದೊಂದೇ ಮಾಡಿದರು. ಬಲಗಾಲು ಒತ್ತಿದರು, ಎಡದ್ದು ಸತ್ತಿದೆ ಎಂದರು, ಎಡ ಪ್ರೊಪೆಲರಿನ ಅಲಗುಗಳನ್ನು ತಿರುಗಿಸಿದರು. ಯಾವುದೂ ತಪ್ಪಲಿಲ್ಲ. ಆದರೆ ತುಂಬಿದ ಟ್ಯಾಂಕು, ಭಾರದ ಕ್ಯಾಮೆರಾ, ವಿಮಾನ ಮೇಲೇರಲಿಲ್ಲ. ನೇರ ಹೋದರೆ ಮಾರತ್ತಹಳ್ಳಿಯ ಜಂಕ್ಷನ್, ಬೆಳಗಿನ ಹೊತ್ತು ಗಾಡಿಗಳು ಒಂದಕ್ಕೊಂದು ಅಂಟಿ ನಿಂತಿರುತ್ತವೆ. ಬಲಕ್ಕೆ ಎತ್ತರದ ಅಪಾರ್ಟ್‌ಮೆಂಟುಗಳು. ಎಡಕ್ಕೆ, ದೊಡ್ಡನೆಕ್ಕುಂದಿಯ ಕಡೆಗೆ, ಕೆರೆಯಂಚಿನ ಬಯಲು.

ಸತ್ತ ಎಂಜಿನ್ನಿನ ಕಡೆಗೆ ತಿರುಗಬಾರದು ಎಂದು ನಮ್ಮ ಪುಸ್ತಕಗಳಲ್ಲಿ ದಪ್ಪಕ್ಷರದಲ್ಲಿ ಬರೆದಿರುತ್ತದೆ. ತಿರುಗಿದರೆ ಇರುವ ಸ್ವಲ್ಪ ವೇಗವೂ ಹೋಗುತ್ತದೆ. ಇಮ್ತಿಯಾಜ್‌ಗೆ ಅದು ಗೊತ್ತಿಲ್ಲವೇ? ಗೊತ್ತಿದ್ದೇ ಎಡಕ್ಕೆ ತಿರುಗಿದರು. ವಿಮಾನ ಬಯಲಿನ ಕೆಸರಿನಲ್ಲಿ ಹೊಟ್ಟೆಯ ಮೇಲೆ ಜಾರಿ ಕೆರೆಯ ಏರಿಗೆ ಮೂತಿ ಬಡಿಯಿತು. ಬಸವರಾಜ ಸೊಂಟ ಮುರಿದುಕೊಂಡು ಹೇಗೋ ತೆವಳಿ ಹೊರಗೆ ಬಿದ್ದ. ಆಮೇಲೆ ಬೆಂಕಿ ಹತ್ತಿತು.

ನಾವು ಹ್ಯಾಂಗರಿನಿಂದ ಹೊಗೆ ನೋಡಿದೆವು. ಜೀಪು ತೆಗೆದುಕೊಂಡು ಹೊರಟರೆ ಆ ಟ್ರಾಫಿಕ್ಕಿನಲ್ಲಿ ಮುಂದೆ ಹೋಗಲು ದಾರಿಯಿಲ್ಲ. ಮಾರತ್ತಹಳ್ಳಿಯ ಸೇತುವೆಯ ಮೇಲೆ ಜನ ಗಾಡಿ ನಿಲ್ಲಿಸಿ ಮೊಬೈಲಿನಲ್ಲಿ ಹೊಗೆಯ ವಿಡಿಯೊ ಮಾಡುತ್ತಿದ್ದರು. ನಾವು ಇಳಿದು ಓಡಿದೆವು. ನಾನು ಅಲ್ಲಿ ನೋಡಿದ್ದನ್ನು ಬರೆಯುವುದಿಲ್ಲ. ಎಡ ಪ್ರೊಪೆಲರ್ ಒಂದನ್ನು ಮಾತ್ರ ಹೇಳುತ್ತೇನೆ. ಅದರ ಅಲಗುಗಳು ಬಾಗದೆ, ಅಂಚು ಗಾಳಿಗೆ ತಿರುಗಿ ಅಚ್ಚುಕಟ್ಟಾಗಿ ನಿಂತಿದ್ದವು.

ಮಧ್ಯಾಹ್ನ ಹ್ಯಾಂಗರಿಗೆ ವಾಪಸ್ ಬಂದೆ. ಕೈ ತೊಳೆದು ತಿರುಗಿದರೆ ಎದುರಿಗೆ ಹಲಗೆ. ಅಲ್ಲಿ ಹಿಂದಿನ ಗೋಡೆ ಬಿಳಿ ಸುಣ್ಣದ್ದು. ಕೆಂಪು ಪಟ್ಟಿಯ ಬಾಟಲಿ ತಿಳಿನೀಲಿಯಾಗಿತ್ತು. ಬಿಳಿ ಪಟ್ಟಿಯದಕ್ಕೆ ಬಣ್ಣವೇ ಇರಲಿಲ್ಲ. ಮುಚ್ಚಳ ತೆಗೆದು ಒಂದು ಹನಿ ಎಡಗೈಯ ಮೇಲೆ ಬಿಟ್ಟುಕೊಂಡೆ. ಹತ್ತು ಎಣಿಸಿದೆ, ಇಪ್ಪತ್ತು ಎಣಿಸಿದೆ. ಹನಿ ಹಾಗೇ ಇತ್ತು. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ರಮಾಕಾಂತ್ ಅವರಿಗೆ ಹೋಗಿ ಹೇಳಿದೆ. ಅವರು ಎದ್ದು ಬಾಗಿಲು ಮುಚ್ಚಿ ಬಂದರು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದರು.

“ಬಾಟ್ಲಿ ಬಗ್ಗೆ ನಿಮ್ಮನ್ನ ಯಾರಾದ್ರೂ ಕೇಳಿದ್ರಾ?”

“ಇಲ್ಲ ಸರ್.”

“ಹಾಗಾದ್ರೆ ಕೇಳ್ದೇ ಇರೋದನ್ನ ಹೇಳೋಕೆ ಹೋಗ್ಬೇಡಿ. ಹೋದೋರು ವಾಪಸ್ ಬರಲ್ಲ ವರದರಾಜು, ನಿಮ್ಮ ಲೈಸೆನ್ಸೂ ಬರಲ್ಲ. ತೊಳೆದಿಟ್ಬಿಡಿ.”

ಕೆಂಪು ಪಟ್ಟಿಯದನ್ನು ಅವರೇ ತೊಳೆದಿಟ್ಟರು. ಬಿಳಿ ಪಟ್ಟಿಯದನ್ನು ನಾನು ತೊಳೆಯಲಿಲ್ಲ, ಯಾರಿಗೂ ಕೊಡಲೂ ಇಲ್ಲ. ಮುಚ್ಚಳ ಬಿಗಿದು, ಬಟ್ಟೆ ಸುತ್ತಿ ನನ್ನ ಟೂಲ್ ಬಾಕ್ಸಿನ ಅಡಿಯಲ್ಲಿ ಇಟ್ಟೆ. ಇದನ್ನು ಮನಸ್ಸಾಕ್ಷಿ ಎಂದು ಯಾರೂ ಹೊಗಳಬೇಡಿ. ಚೆಲ್ಲುವುದಕ್ಕೂ ಧೈರ್ಯವಿಲ್ಲ, ಕೊಡುವುದಕ್ಕೂ ಧೈರ್ಯವಿಲ್ಲದ ಹೇಡಿಯ ಕೆಲಸ ಅದು.

ವಿಚಾರಣೆ ಮಾಡಿದವರು ಒಂದು ಕೋಣೆಯಲ್ಲಿ ಕೂರಿಸಿ ಕೇಳಿದರು. ಪೆಟ್ರೋಲಿನ ಸ್ಯಾಂಪಲ್ ನೋಡಿದಿರಾ ಎಂದರು, ನೋಡಿದೆ ಎಂದೆ. ನೀರಿನ ಗೆರೆ ಇತ್ತೇ ಎಂದರು, ಇರಲಿಲ್ಲ ಎಂದೆ. ಎರಡೂ ನಿಜ. ಫಾರಂ ಮುಂದಿಟ್ಟರು, ಇದು ನಿಮ್ಮ ಸಹಿಯೇ ಎಂದರು, ಹೌದು ಎಂದೆ. ಎಡ ಟ್ಯಾಂಕು ಒಡೆದು ಸುಟ್ಟುಹೋಗಿದ್ದರಿಂದ ಅವರಿಗೆ ಬೇರೆ ಸಾಕ್ಷಿ ಸಿಗಲಿಲ್ಲ. ಆಮೇಲೆ ಅವರ ಕೈಯಲ್ಲಿ ಹಳೆಯ ಟ್ರೇನಿಂಗ್ ಫೈಲು ಕಾಣಿಸಿತು. ಈ ಪೈಲಟ್ ಹಿಂದೊಮ್ಮೆ ತಪ್ಪು ಎಂಜಿನ್ ನಿಲ್ಲಿಸಿದ್ದರಂತೆ, ನೀವು ಜೊತೆಯಲ್ಲಿದ್ದಿರಂತೆ, ನಿಜವೇ ಎಂದು ಕೇಳಿದರು. ನಿಜ ಎಂದೆ. ಹೇಗಾಯಿತು ಎಂದು ಕೇಳಿದರು. ವಿವರವಾಗಿ ಹೇಳಿದೆ, ಇಮ್ತಿಯಾಜ್ ಅತ್ತದ್ದನ್ನೂ ಸೇರಿಸಿ.

ಸತ್ತವರ ಮೇಲಿನ ನಿಜವನ್ನು ಹೇಳಲು ನನ್ನ ನಾಲಿಗೆ ತಡವರಿಸಲಿಲ್ಲ. ಈಗಲೂ ಅದನ್ನು ನೆನೆದರೆ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತದೆ. ಬಸವರಾಜ ಆಸ್ಪತ್ರೆಯ ಮಂಚದಿಂದಲೇ ಹೇಳಿಕೆ ಕೊಟ್ಟಿದ್ದ. ನಾನು ನೋಡಲು ಹೋದಾಗ ಅದನ್ನೇ ಮತ್ತೆ ಹೇಳಿದ.

“ಸಾಹೇಬ್ರು ಬಾಯಿಲೆ ಹೇಳ್ಕೋತ ಹೇಳ್ಕೋತ ಎಲ್ಲಾ ಬರೋಬ್ಬರಿ ಮಾಡ್ಯಾರ್ರೀ ಸರ. ಅವರು ತಪ್ಪು ಮಾಡಿಲ್ಲ. ನೀವರ ಹೇಳ್ರಿ ಆ ವಿಚಾರಣಿ ಮಂದಿಗೆ.”

ಹೇಳುತ್ತೇನೆ ಎಂದು ಬಂದೆ. ಅವನು ತಾಂತ್ರಿಕ ಜ್ಞಾನ ಇರುವವನಲ್ಲ ಎಂದು ಅವನ ಹೇಳಿಕೆಯನ್ನು ಬದಿಗಿಟ್ಟರು. ವರದಿ ಬಂತು. ಎಂಜಿನ್ ನಿಂತ ಕಾರಣ ತಿಳಿದುಬಂದಿಲ್ಲ. ಚಾಲಕರು ಸತ್ತ ಎಂಜಿನ್ನಿನ ಕಡೆಗೆ ತಿರುಗಿಸಿ ವೇಗ ಕಳೆದುಕೊಂಡದ್ದೇ ಅಪಘಾತಕ್ಕೆ ಕಾರಣ. ಹಿಂದೆಯೂ ಅವರು ಇಂಥ ಸಂದರ್ಭದಲ್ಲಿ ಗಾಬರಿಗೊಂಡಿದ್ದುಂಟು. ಮೂರನೆಯ ಮಾತು ನನ್ನ ಕೊಡುಗೆ.

ಕೆಲವು ದಿನಗಳಾದ ಮೇಲೆ ಇಮ್ತಿಯಾಜರ ತಂದೆ ಗನಿ ಸಾಹೇಬರು ನಮ್ಮ ಗೇಟಿಗೆ ಬಂದರು. ಬಿಳಿ ಜುಬ್ಬಾ, ಕೈಯಲ್ಲಿ ವರದಿಯ ಪ್ರತಿ. ಇಂಗ್ಲಿಷ್ ಓದಲು ಬರುವುದಿಲ್ಲ, ಮಗ ವರದಣ್ಣ ಎಂದು ದಿನಾ ನಿಮ್ಮ ಸುದ್ದಿ ಹೇಳುತ್ತಿದ್ದ, ನೀವೇ ಓದಿ ಹೇಳಿ ಎಂದರು. ಗೇಟಿನ ಪಕ್ಕದ ಕಲ್ಲು ಬೆಂಚಿನ ಮೇಲೆ ಕೂತು ನಾನು ಕನ್ನಡದಲ್ಲಿ ಹೇಳಿದೆ. ಅವರು ಕೊನೆಯವರೆಗೂ ನನ್ನ ಮುಖವನ್ನೇ ನೋಡುತ್ತ ಕೇಳಿದರು.

“ಅಂದ್ರೆ ನಮ್ ಇಮ್ತಿಯಾಜ್ ತಪ್ಪು ಮಾಡಿದ್ನಾ ಸಾಬ್?”

ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಬೇಕಿತ್ತೇ? ನಾನು ವರದಿಯನ್ನು ಮಡಚಿ ಅವರ ಕೈಗಿಟ್ಟು, “ಎಲ್ಲಾ ಮೇಲಿನವನ ಇಚ್ಛೆ” ಎಂದೆ. ಅವರು ತಲೆಯಾಡಿಸಿದರು. ಸಲಾಂ ಹೇಳಿ ಬಸ್‌ಸ್ಟಾಪಿನ ಕಡೆ ನಡೆದುಹೋದರು.

ಅವರ ಅಂಗಡಿಯ ಗೋಡೆಯ ಮೇಲೆ ಯೂನಿಫಾರ್ಮ್ ಹಾಕಿದ ಇಮ್ತಿಯಾಜರ ದೊಡ್ಡ ಫೋಟೊ ಇದ್ದದ್ದು ನನಗೆ ಗೊತ್ತಿತ್ತು. ಬಂದ ಗಿರಾಕಿಗಳಿಗೆಲ್ಲ ತೋರಿಸಿ, ನಮ್ಮ ಹುಡುಗ ಪೈಲಟ್ ಎನ್ನುತ್ತಿದ್ದರು. ಆ ವರ್ಷವೇ ಒಂದು ಸಲ ಶಿವಾಜಿನಗರದಲ್ಲಿ ಬಸ್ಸಿಳಿದು ಆ ಗಲ್ಲಿಯಲ್ಲಿ ಹೋದೆ. ಫೋಟೊ ಇರಲಿಲ್ಲ. ಮೊಳೆ ಇತ್ತು, ಸುತ್ತ ಮಾಸದ ಚೌಕ ಇತ್ತು. ಫೋಟೊ ನೋಡಿದವರು ಹೇಗೆ ಹೋದ ಎಂದು ಕೇಳುತ್ತಾರೆ, ಏನು ಹೇಳುವುದು ಎಂದು ತೆಗೆದಿಟ್ಟಿದ್ದಾರೆಂದು ಪಕ್ಕದ ಅಂಗಡಿಯವನು ಹೇಳಿದ. ನಾನು ಒಳಗೆ ಹೋಗಲಿಲ್ಲ. ಆಮೇಲೆ ಆ ಗಲ್ಲಿ ಬಿಟ್ಟು ಸುತ್ತಿಕೊಂಡು ಹೋಗುವುದನ್ನು ಕಲಿತೆ.

ಹೀಗೆ ಆರು ವರ್ಷ ಕೆಲಸ ಮಾಡಿ ನಿವೃತ್ತನಾದೆ. ಹಾರ ಹಾಕಿದರು. ಒಂದೂ ಕಪ್ಪುಚುಕ್ಕೆಯಿಲ್ಲದ ಸೇವೆ ಎಂದು ರಮಾಕಾಂತ್ ಮೈಕಿನಲ್ಲಿ ಹೇಳಿದರು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಟೂಲ್ ಬಾಕ್ಸ್ ಜೀವನ್ ಬಿಮಾ ನಗರದ ನಮ್ಮ ಮನೆಗೆ ಬಂದು ಬಾಲ್ಕನಿಯಲ್ಲಿ ಕೂತಿತು. ವಾರಕ್ಕೆರಡು ದಿನ ದೊಡ್ಡನೆಕ್ಕುಂದಿಯ ಒಂದು ಸಂಸ್ಥೆಯಲ್ಲಿ ವಿಮಾನ ರಿಪೇರಿ ಕಲಿಯುವವರಿಗೆ ಪಾಠ ಹೇಳಲು ಹೋಗತೊಡಗಿದೆ. ಪ್ರತಿ ವರ್ಷ ಒಂದು ಬಾಟಲಿಯಲ್ಲಿ ನಲ್ಲಿ ನೀರು ತುಂಬಿ ನೀಲಿ ಪರದೆಯ ಎದುರು ಹಿಡಿದು, ಇದು ಹೇಗಿದೆ ಎಂದು ಕೇಳುತ್ತೇನೆ. ಪ್ರತಿ ವರ್ಷವೂ ಎಲ್ಲರೂ ಕ್ಲೀನ್ ಸರ್ ಎನ್ನುತ್ತಾರೆ. ಇದು ನಿಜವಾಗಿ ಯಾರಿಗಾದರೂ ಆಗಿದೆಯೇ ಎಂದು ಯಾರಾದರೂ ಕೇಳಿದರೆ, ಎಲ್ಲೋ ಆಗಿತ್ತಂತೆ ಎನ್ನುತ್ತಿದ್ದೆ.

ಕಳೆದ ವರ್ಷ ಬಾಲ್ಕನಿ ಗುಡಿಸುತ್ತಿದ್ದ ನನ್ನ ಹೆಂಡತಿ ಸರೋಜಾ ಟೂಲ್ ಬಾಕ್ಸ್ ತೆಗೆದಳು. ಬಾಟಲಿ ಚೆನ್ನಾಗಿದೆ, ತೊಳೆದು ಗಿಡಕ್ಕೆ ಇಟ್ಟುಕೊಳ್ಳುತ್ತೇನೆ ಎಂದು ನೀರು ಚೆಲ್ಲಲು ಹೋದಳು. ನಾನು ಹೌಹಾರಿ ಕಿರುಚಿದೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳ ಮೇಲೆ ಹಾಗೆ ಕಿರುಚಿದವನಲ್ಲ. ಅವಳು ಬಾಟಲಿಯನ್ನು ನೆಲಕ್ಕಿಟ್ಟು ಎದುರಿಗೆ ಕೂತಳು. ಎಲ್ಲವನ್ನೂ ಹೇಳಿದೆ. ಸಮಾಧಾನದ ಮಾತು ಬರುತ್ತದೆಂದು ಕಾದೆ.

“ನಂಗ್ಯಾಕೆ ಹೇಳ್ತೀರಿ? ಕೇಳಿದವರು ಶಿವಾಜಿನಗರದಲ್ಲಿದಾರೆ” ಎಂದು ಎದ್ದು ಹೋದಳು.

ಮಾರನೆಯ ಬೆಳಿಗ್ಗೆ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಗನಿ ಸಾಹೇಬರು ಬಹಳ ಇಳಿದುಹೋಗಿದ್ದರು, ಆದರೂ ನನ್ನ ಗುರುತು ಹಿಡಿದರು. ಕುರ್ಚಿ ಎಳೆದು ಕೂರಿಸಿ ಚಹಾ ಹೇಳಿದರು. ಮಾತು ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ ನಾನು ಬಾಟಲಿಯನ್ನು ಗಾಜಿನ ಕೌಂಟರಿನ ಮೇಲಿಟ್ಟೆ.

ಅವರು ಅದನ್ನು ಎತ್ತಿ ನೋಡಲೇ ಇಲ್ಲ. ಜೀವಮಾನವೆಲ್ಲ ಅತ್ತರು ಮಾರಿದವರ ಕೈ. ಮುಚ್ಚಳ ತೆಗೆದು, ಗಾಜಿನ ಕಡ್ಡಿ ಅದ್ದಿ, ಒಂದು ಹನಿಯನ್ನು ಎಡಗೈಯ ಹಿಂಬದಿಗೆ ಹಚ್ಚಿಕೊಂಡು ಕಾದರು. ನಾನು ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿದೆ.

“ಪೆಟ್ರೋಲ್ ವಾಸ್ನೆ ಸ್ವಲ್ಪ ಇದೆ. ಆದ್ರೆ ಹಾರ್ತಾ ಇಲ್ಲ. ನೀರಲ್ವಾ ಇದು?” ಎಂದರು.

ನನಗೆ ಅಳು ಬಂತು. ಅಳುತ್ತಲೇ ಹೇಳಿದೆ. ಮುಚ್ಚಳದ ರಬ್ಬರು, ಮಳೆ, ನೀಲಿ ಬಾಗಿಲು, ನೀವು ನೋಡಿದರೆ ಸಾಕು ಎಂದು ಅವರ ಮಗ ಹೇಳಿದ್ದು, ಜಂಕ್ಷನ್ನಿನ ಜನರನ್ನು ಉಳಿಸಲು ಎಡಕ್ಕೆ ತಿರುಗಿದ್ದು. ನಡುವೆ ಒಬ್ಬ ಗಿರಾಕಿ ಬಂದ. ಗನಿ ಸಾಹೇಬರು ಎದ್ದು ಅವನಿಗೆ ಬೇಕಾದದ್ದನ್ನು ತೋರಿಸಿ, ಕಟ್ಟಿಕೊಟ್ಟು, ಮತ್ತೆ ಬಂದು ಕೂತು, ಹೇಳಿ ಎಂದರು. ಪೂರ್ತಿ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದರು.

“ಆ ದಿನ ಗೇಟ್ ಹತ್ರ ನಾನು ಕೇಳಿದ್ನಲ್ಲ, ಆಗ್ಲೇ ಗೊತ್ತಿತ್ತಾ ನಿಮ್ಗೆ?”

“ಗೊತ್ತಿತ್ತು.”

“ಅವ್ನ ಅಮ್ಮಿ ಆಗ ಇದ್ಲು. ಮೂರು ವರ್ಷ ಆಯ್ತು ಹೋಗಿ. ನಮ್ಮ ಹುಡುಗ ಯಾಕೆ ಹಂಗೆ ಮಾಡ್ದ ಅಂತ ಕೇಳ್ತಾನೇ ಹೋದ್ಲು.”

ಕ್ಷಮಿಸಿ ಎನ್ನಲು ಬಾಯಿ ತೆರೆದೆ. ಅವರು ಕೈ ಅಡ್ಡ ಮಾಡಿದರು. ಡ್ರಾಯರ್ ಎಳೆದು ಕಾಗದ ತೆಗೆದರು, ಪೆನ್ನು ಕೊಟ್ಟರು. ಈಗ ಹೇಳಿದ್ದನ್ನೆಲ್ಲ ಬರೆದುಕೊಡಿ, ಕೆಳಗೆ ಸಹಿ ಹಾಕಿ ಎಂದರು. ಬರೆದೆ. ಗಟ್ಟಿಯಾಗಿ ಓದಿ ಎಂದರು. ಓದಿದೆ. ಡ್ರಾಯರಿನಲ್ಲಿ ಫೋಟೊದ ಚೌಕಟ್ಟು ಬೋರಲಾಗಿ ಮಲಗಿದ್ದು ಕಾಣಿಸಿತು. ಕೇಳಬಾರದಿತ್ತು, ಆದರೂ ಫೋಟೊ ಮತ್ತೆ ಗೋಡೆಗೆ ಹಾಕುತ್ತೀರಾ ಎಂದು ಕೇಳಿದೆ.

“ಹೆಂಗೆ ಹಾಕ್ಲಿ? ನೀವು ಸುಳ್ಳು ಹೇಳಿದ್ರಿ, ಸರಿ. ನಾನು ಅವ್ನ ಅಪ್ಪ, ನಂಬಿಬಿಟ್ಟೆ. ಆ ಮುಖ ಹೆಂಗೆ ನೋಡ್ಲಿ ಸಾಬ್ ನಾನು?”

ಆ ಬರಹದ ಪ್ರತಿಯನ್ನು ವಿಚಾರಣೆ ಮಾಡಿದ ಕಚೇರಿಗೂ ಕಳಿಸಿದ್ದೇನೆ. ತಲುಪಿದೆ ಎಂದು ಮೊಹರು ಬಿದ್ದ ಚೀಟಿ ಬಂದಿದೆ, ಬೇರೇನೂ ಬಂದಿಲ್ಲ. ನನ್ನಿಂದ ಕಿತ್ತುಕೊಳ್ಳಲು ಈಗ ಲೈಸೆನ್ಸೂ ಇಲ್ಲ, ಕೆಲಸವೂ ಇಲ್ಲ. ಅದಕ್ಕೇ ಇಷ್ಟು ಧೈರ್ಯ ಬಂದಿದೆ ಎಂದು ನೀವು ಹೇಳಿದರೆ ನಾನು ವಾದಿಸುವುದಿಲ್ಲ.

ಅಂದು ಅಂಗಡಿಯಿಂದ ಏಳುವಾಗ ಬಾಟಲಿಗೆ ಕೈ ಚಾಚಿದ್ದೆ. ಅದು ಇಲ್ಲೇ ಇರಲಿ ಎಂದು ಗನಿ ಸಾಹೇಬರು ಮುಚ್ಚಳ ಬಿಗಿದು ಅತ್ತರಿನ ಸಾಲಿನಲ್ಲಿ ಇಟ್ಟರು. ಈಗ ನಾನು ಆ ಗಲ್ಲಿಯಲ್ಲೇ ಹೋಗುತ್ತೇನೆ, ಸುತ್ತಿಕೊಂಡು ಹೋಗುವುದಿಲ್ಲ. ಬಾಟಲಿ ಅಲ್ಲೇ ಇದೆ. ಗೋಡೆಯ ಮೇಲೆ ಮೊಳೆ ಇನ್ನೂ ಖಾಲಿ ಇದೆ.